ಮನ್ನ ಮತ್ತು ಸಾಲಮನ್ನಾ

(ದಾವಣಗೆರೆಯ ಕ್ರೈಸ್ತ ಸಭೆಯೊಂದರಲ್ಲಿ ಸುಗ್ಗಿ ಹಬ್ಬದ ಭಾನುವಾರ ಸಂಜೆ ಆಡಿದ ಮಾತುಗಳಿವು. ಕೇಳಿದವರ ಒತ್ತಾಯದ ಮೇಲೆ ಬರೆದುಕೊಟ್ಟಿದ್ದೇನೆ. ಆಡುವಾಗ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಸಭಾಪಾಲಕರೇ, ಸಭೆಯ ಹಿರಿಯರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೆಲ್ಲ ವಂದನೆಗಳು.

ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಈ ಅಂಗಳದಲ್ಲಿ ನಡೆದ ಸುಗ್ಗಿ ಕಾಣಿಕೆಗಳ ಹರಾಜನ್ನು ನಾವೆಲ್ಲ ನೋಡಿದೆವು. ಮೇಜಿನ ಮೇಲೆ ಮೆಕ್ಕೆಜೋಳದ ತೆನೆಗಳಿದ್ದವು, ತೆಂಗಿನಕಾಯಿಗಳಿದ್ದವು, ಒಂದು ಬಾಳೆಗೊನೆ ಇತ್ತು, ಕಾಲು ಕಟ್ಟಿದ ನಾಟಿ ಕೋಳಿ ಇತ್ತು. ಹೊಲವಿಲ್ಲದ ಮನೆಯ ಹುಡುಗನೊಬ್ಬ ಒಂದು ಸೇರು ಮಂಡಕ್ಕಿ ತಂದಿಟ್ಟಿದ್ದ. ಸಂತೆಯಲ್ಲಿ 40 ರೂಪಾಯಿಗೆ ಸಿಗುವ ಕುಂಬಳಕಾಯಿ ಇಲ್ಲಿ 600 ರೂಪಾಯಿಗೆ ಹೋಯಿತು. ಕೊಂಡವರು ಅದನ್ನು ಮನೆಗೆ ಒಯ್ಯಲಿಲ್ಲ, ತಿರುಗಿ ಮೇಜಿನ ಮೇಲಿಟ್ಟರು. ಅದು ಇನ್ನೊಮ್ಮೆ ಹರಾಜಾಯಿತು.

ನಾನು ಲೆಕ್ಕ ಬರೆದು ಬದುಕಿದವನು. ಒಂದು ವಸ್ತುವಿಗೆ ಹದಿನೈದು ಪಟ್ಟು ಬೆಲೆ ತೆತ್ತವರು ನಗುತ್ತ ಕೈ ಬೀಸಿಕೊಂಡು ಹೋಗುವುದನ್ನು ಬೇರೆ ಯಾವ ಪೇಟೆಯಲ್ಲಿಯೂ ಕಂಡಿಲ್ಲ. ಆ ನಗು ಎಲ್ಲಿಂದ ಬಂತು? ಅದು ವರ್ಷಕ್ಕೊಂದು ದಿನ ಬಂದು ಹೋಗುವ ನಗುವೋ, ಸೋಮವಾರ ಬೆಳಿಗ್ಗೆಯೂ ಉಳಿಯುವಂಥದ್ದೋ? ಸಭಾಪಾಲಕರು ನನಗೆ ಕೊಟ್ಟ ವಿಷಯ ‘ದಿನದಿನದ ಸಂತೋಷ, ದಿನದಿನದ ಕೃತಜ್ಞತೆ’. ನಾನು ದೇವಶಾಸ್ತ್ರ ಓದಿದವನಲ್ಲ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ಜನ ಸೊಸೈಟಿ ಎಂದು ಕರೆಯುವಲ್ಲಿ, 1986ರಿಂದ 2019ರವರೆಗೆ ಮೊದಲು ಗುಮಾಸ್ತನಾಗಿ, ಆಮೇಲೆ ಕಾರ್ಯದರ್ಶಿಯಾಗಿ ಕೆಲಸ ಮಾಡಿದೆ. ನಾನು ಸೇರಿದಾಗ ಅದು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ನಮ್ಮ ತಾಲ್ಲೂಕು ದಾವಣಗೆರೆಗೆ ಬಂತು. ಜಿಲ್ಲೆ ಬದಲಾಯಿತು, ಮಳೆ ಮಾತ್ರ ಮೊದಲಿನಷ್ಟೇ ಬಂತು.

ಆ ಕೆಲಸ ನನಗೆ ಎರಡು ಪದಗಳನ್ನು ಕಲಿಸಿತು. ಒಂದು ಸತ್ಯವೇದದ, ಅಂದರೆ ಬೈಬಲಿನ, ‘ಮನ್ನ’: ಮರಳುಗಾಡಿನಲ್ಲಿ ದೇವರು ತನ್ನ ಜನಕ್ಕೆ ದಿನದಿನ ಕೊಟ್ಟ ಆಹಾರ. ಇನ್ನೊಂದು ಸೊಸೈಟಿಯ ‘ಮನ್ನಾ’. ಇವು ಒಂದಕ್ಕೊಂದು ನಂಟಿಲ್ಲದ ಪದಗಳು. ನಡುವೆ ಒಂದು ದೀರ್ಘದ ಅಂತರ ಮಾತ್ರ. ಆದರೆ ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಇವೆರಡೂ ಅಕ್ಕಪಕ್ಕದ ಸಾಲುಗಳಲ್ಲಿ ಕೂತಿವೆ. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಎನ್ನುವುದು ಮನ್ನದ ಸಾಲು. ಅದರ ಬೆನ್ನಿಗೇ ನಮ್ಮ ತಪ್ಪುಗಳನ್ನು ಕ್ಷಮಿಸು ಎನ್ನುತ್ತೇವೆ. ಸುವಾರ್ತೆ ಬರೆದ ಮತ್ತಾಯನು ಗ್ರೀಕಿನಲ್ಲಿ ಬರೆದಿರುವ ಪದದ ಅರ್ಥ ‘ಸಾಲಗಳು’. ನಮ್ಮ ಸಾಲಗಳನ್ನು ಬಿಟ್ಟುಬಿಡು ಎಂಬ ಬೇಡಿಕೆ ಅದು. ಅಂದರೆ ಪ್ರತಿ ದಿನ ಬೆಳಿಗ್ಗೆ ನಾವು ಮನ್ನವನ್ನೂ ಮನ್ನಾವನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದೇವೆ.

ಮೊದಲು ಸಾಲದ ಮಾತು. ಅದು ನನಗೆ ಹೆಚ್ಚು ಗೊತ್ತಿರುವುದು.

ನನ್ನ ಸೇವೆಯಲ್ಲಿ ನಾಲ್ಕು ದೊಡ್ಡ ಸಾಲಮನ್ನಾಗಳನ್ನು ಕಂಡೆ. 1990ರಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿವರೆಗಿನ ಸಾಲ ಬಿಟ್ಟಿತು. 2008ರಲ್ಲಿ ಮತ್ತೆ ಕೇಂದ್ರದ್ದು. 2017ರಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲವನ್ನು 50,000 ರೂಪಾಯಿವರೆಗೆ ಮನ್ನಾ ಮಾಡಿತು. ಮರುವರ್ಷ ಇನ್ನೊಂದು ಬಂತು. ಘೋಷಣೆಯಾದ ದಿನ ಸೊಸೈಟಿಯ ಮುಂದೆ ಚಹಾದಂಗಡಿಯಲ್ಲಿ ಹಬ್ಬ. ಮಾರನೆಯ ದಿನದಿಂದ ಸರತಿ. ಪಹಣಿ ತಂದಿರಾ, ಆಧಾರ್ ತಂದಿರಾ, ಹೆಸರಿನಲ್ಲಿ ಅಕ್ಷರ ತಪ್ಪಿದೆ ತಿದ್ದಿಸಿಕೊಂಡು ಬನ್ನಿ. ಸಾಲ ಬಾಕಿಯಿಲ್ಲ ಎಂಬ ಬೇಬಾಕಿ ಪತ್ರ ಕೈಗೆ ಬರುವವರೆಗೆ ಯಾರಿಗೂ ನಂಬಿಕೆಯಿಲ್ಲ. ಅದು ಸಹಜ. ಮಾತಿನ ಮೇಲೆ ನಂಬಿ ಕೆಟ್ಟವರು ಅವರು.

ಮನ್ನಾ ಎಂದರೆ ಸಾಲ ಆವಿಯಾಗಿ ಹೋಗುವುದೆಂದು ಹೊರಗಿನವರು ತಿಳಿಯುತ್ತಾರೆ. ಲೆಜರ್ ಬರೆಯುವವನಿಗೆ ಗೊತ್ತು, ಯಾವ ಸಾಲವೂ ಆವಿಯಾಗುವುದಿಲ್ಲ. ರೈತನ ಖಾತೆಯಿಂದ ಅದನ್ನು ತೆಗೆದ ದಿನವೇ ಸರ್ಕಾರದಿಂದ ಬರಬೇಕಾದ ಬಾಬ್ತು ಎಂದು ಇನ್ನೊಂದು ಪುಟದಲ್ಲಿ ಬರೆಯಬೇಕು. ಹಣ ಯಾರೋ ಕಟ್ಟಲೇಬೇಕು. ಆ ಎರಡನೆಯ ಪುಟವನ್ನು ಎಷ್ಟೋ ಸಾರಿ ಬರೆದ ಕೈಯಿಂದ ಕೊಲೊಸ್ಸೆಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ತೆರೆದಾಗ ನನ್ನ ಮೈ ಜುಮ್ಮೆಂದಿತು. ನಮಗೆ ವಿರೋಧವಾಗಿದ್ದ ಪತ್ರವನ್ನು ದೇವರು ಶಿಲುಬೆಗೆ ಜಡಿದನು ಎಂದು, ಮೊದಲ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನು ಅಲ್ಲಿ ಹೇಳುತ್ತಾನೆ. ಅವನು ಬಳಸಿದ ಗ್ರೀಕ್ ಪದಕ್ಕೆ ‘ಸಾಲಗಾರ ತನ್ನ ಕೈಯಾರೆ ಬರೆದುಕೊಟ್ಟ ಪತ್ರ’ ಎಂದು ಅರ್ಥ. ನಮ್ಮ ಕಡೆಯ ಪ್ರೋನೋಟು. ಹೆಬ್ಬೆಟ್ಟು ನಮ್ಮದೇ, ಒಪ್ಪಿಕೊಂಡ ಮೊತ್ತ ನಮ್ಮದೇ. ಎರಡನೆಯ ಪುಟದಲ್ಲಿ, ಕಟ್ಟುವವನ ಹೆಸರಿನ ಜಾಗದಲ್ಲಿ, ಸಾಲ ಕೊಟ್ಟವನೇ ತನ್ನ ಹೆಸರು ಬರೆದುಕೊಂಡ.

ಯೇಸು ಹೇಳಿದ ಸಾಮ್ಯವೊಂದರಲ್ಲಿ ಅರಸನಿಗೆ 10,000 ತಲಾಂತು ಕೊಡಬೇಕಾದ ಆಳು ಬರುತ್ತಾನೆ. ಒಂದು ತಲಾಂತು ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ದುಡಿಮೆ. ಗುಣಿಸಿ ನೋಡಿದರೆ 6 ಕೋಟಿ ದಿನಗಳ ಕೂಲಿ. ಅಷ್ಟನ್ನು ಬಿಡಿಸಿಕೊಂಡ ಅವನು ಹೊರಗೆ ಬಂದ ಕೂಡಲೇ, ತನಗೆ 100 ದಿನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿದ. 100 ದಿನಾರಿ ಸಣ್ಣ ಮೊತ್ತವಲ್ಲ, ಮೂರು ತಿಂಗಳ ಕೂಲಿ. ಅವನ ಹಕ್ಕು ಖಂಡಿತ ಇತ್ತು. ಇಲ್ಲದಿದ್ದದ್ದು ನೆನಪು. ಅರಮನೆಯ ಮೆಟ್ಟಿಲು ಇಳಿಯುವುದರೊಳಗೆ 6 ಕೋಟಿಯನ್ನು ಮರೆತಿದ್ದ. ನಮ್ಮ ಮುಖಗಳಲ್ಲಿ ಸಂತೋಷ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ ನಾನು ಈ ಮೆಟ್ಟಿಲನ್ನು ತೋರಿಸುತ್ತೇನೆ. ಸಿಕ್ಕಿದ್ದು ಕಡಿಮೆಯಾಗಿ ಅಲ್ಲ, ಮೆಟ್ಟಿಲಿಳಿಯುವಾಗ ಮರೆತು ನಾವು ಬಡವರಾಗಿದ್ದೇವೆ.

ಕನ್ನಡ ಈ ಸಂಗತಿಯನ್ನು ಬಹಳ ಚೆನ್ನಾಗಿ ಹಿಡಿದಿದೆ. ಕೃತಜ್ಞ ಎಂದರೆ ಮಾಡಿದ್ದನ್ನು ಅರಿತವನು. ಕೃತಘ್ನ ಎಂದರೆ ಮಾಡಿದ್ದನ್ನು ಕೊಂದವನು. ಭಾವನೆಯ ಸುದ್ದಿಯೇ ಅಲ್ಲಿಲ್ಲ. ಅರಿವು ಇದೆಯೋ ಇಲ್ಲವೋ ಅಷ್ಟೇ. ಸತ್ಯವೇದದ 103ನೆಯ ಕೀರ್ತನೆ ದಾವೀದನ ಬಾಯಲ್ಲಿ ಹೇಳಿಸುವುದೂ ಇದನ್ನೇ: ‘ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ.’ ಸಂತೋಷಪಡು ಎಂದು ಅವನು ತನ್ನ ಮನಸ್ಸಿಗೆ ಹೇಳಲಿಲ್ಲ, ಮರೆಯಬೇಡ ಎಂದ. ಸಂತೋಷ ಅಪ್ಪಣೆಗೆ ಬಾರದು. ನೆನಪು ಬರುತ್ತದೆ.

ಆದರೆ ನಮ್ಮ ಭಾಷೆಯಲ್ಲಿ ಇನ್ನೊಂದು ಪದವೂ ಇದೆ: ಋಣ. ಅನ್ನದ ಋಣ, ಉಪ್ಪಿನ ಋಣ, ಊರಿನ ಋಣ. ದೊಡ್ಡ ಪದ ಅದು, ನಮ್ಮ ಹಿರಿಯರನ್ನು ಮನುಷ್ಯರನ್ನಾಗಿ ಇಟ್ಟ ಪದ. ಆದರೂ ಋಣ ಎಂದರೆ ತೀರಿಸಬೇಕಾದದ್ದು. ತೀರಿಸಲಾರದವನು ತಲೆ ತಗ್ಗಿಸಿ ನಡೆಯುತ್ತಾನೆ. ಸೊಸೈಟಿಯ ಬಾಗಿಲ ಮುಂದೆ ಹಾಗೆ ನಡೆದವರನ್ನು ನೋಡಿದ್ದೇನೆ. ಬೇರೆ ದಾರಿಯಿಂದ ಸುತ್ತಿಕೊಂಡು ಹೋದವರನ್ನೂ ನೋಡಿದ್ದೇನೆ. ಎಷ್ಟೋ ವಿಶ್ವಾಸಿಗಳು ದೇವರ ಮನೆಯ ಮುಂದೆ ಹೀಗೆಯೇ ನಡೆಯುತ್ತಾರೆ. ಪ್ರಾರ್ಥನೆ ತಪ್ಪಿತು, ಕಾಣಿಕೆ ಕಡಿಮೆಯಾಯಿತು, ಉಪವಾಸ ಮುರಿಯಿತು, ಇನ್ನು ಆತನ ಮುಖ ಹೇಗೆ ನೋಡಲಿ ಎನ್ನುತ್ತಾರೆ. ಬೇಬಾಕಿ ಪತ್ರ ಜೇಬಿನಲ್ಲಿಟ್ಟುಕೊಂಡು ಕಂತು ಕಟ್ಟಲು ಓಡಾಡುವವರ ಹಾಗೆ. ಅವರಿಗೆ ಕೃಪೆ ಎಂಬ ಮಾತು ಕಿವಿಯವರೆಗೆ ಬಂದಿದೆ, ಲೆಜರಿಗೆ ಇಳಿದಿಲ್ಲ. ಅಂಥವರು ಈ ಸಂಜೆ ಇಲ್ಲಿದ್ದರೆ ಅವರಿಗಾಗಿಯೇ ನಾನು ಇಷ್ಟು ದೂರ ಈ ಲೆಕ್ಕ ಹೇಳಿದೆ.

ಈಗ 2017ರ ಒಬ್ಬ ಅಜ್ಜಿಯ ಸಂಗತಿ ಹೇಳಬೇಕು.

ಮನ್ನಾ ಪಟ್ಟಿಯಲ್ಲಿ ಹೆಸರು ಬಂದ ನೂರಾರು ಮಂದಿ ತಿಂಗಳುಗಟ್ಟಲೆ ಓಡಾಡಿ ಪತ್ರ ಪಡೆದು ಹೋದರು. ಒಂದು ಮಧ್ಯಾಹ್ನ, ಪತ್ರ ಪಡೆದು ವಾರವಾಗಿದ್ದ ಅಜ್ಜಿಯೊಬ್ಬರು ಮತ್ತೆ ಬಂದರು. ಏನೋ ತಿದ್ದುಪಡಿ ಇರಬೇಕೆಂದು ಕೈ ಚಾಚಿದೆ. ಅವರು ಸೆರಗಿನ ಗಂಟು ಬಿಚ್ಚಿ ಎರಡು ಬೊಗಸೆ ಹಸಿ ಶೇಂಗಾ ಮೇಜಿನ ಮೇಲೆ ಸುರಿದರು. ‘ಇದೇನಜ್ಜಿ?’ ಎಂದೆ. ‘ಸಾಲ ಬಿಟ್ಟಿರಲ್ಲ ಸಾಹೇಬರೇ, ಅದಕ್ಕೆ’ ಎಂದರು. ‘ಬಿಟ್ಟದ್ದು ನಾನಲ್ಲ ಅಜ್ಜಿ, ಸರ್ಕಾರ’ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಸರ್ಕಾರದ ಮನೆ ನನಗೆ ಗೊತ್ತಿಲ್ಲವಲ್ಲಪ್ಪ, ಯಾರಿಗಾದರೂ ಹೇಳಬೇಕಲ್ಲ’ ಎಂದರು.

ಅವರು ನಮ್ಮ ಸಭೆಯವರಲ್ಲ. ಊರ ಮಾರಮ್ಮನಿಗೆ ನಡೆದುಕೊಳ್ಳುವ ಮನೆಯವರು. ಚಿಕ್ಕಂದಿನಿಂದ, ದೇವರಿಗೆ ವಂದನೆ ಹೇಳುವ ‘ಸ್ತೋತ್ರ’ ಎಂಬ ಪದವನ್ನು ದಿನಕ್ಕೆ ಹತ್ತು ಸಾರಿ ಹೇಳಿಕೊಂಡು ಬಂದ ನಾನು ಆ ಮಧ್ಯಾಹ್ನ ಆ ಪದದ ಅರ್ಥ ಕಲಿತೆ.

ಲೂಕನ ಸುವಾರ್ತೆಯ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ ನಿಮಗೆಲ್ಲ ಗೊತ್ತು. ಯೇಸು ಹತ್ತು ಮಂದಿಯನ್ನೂ ವಾಸಿಮಾಡಿದ, ಒಬ್ಬನೇ ತಿರುಗಿ ಬಂದು ವಂದನೆ ಹೇಳಿದ. ತಿರುಗಿ ಬಾರದ ಒಂಬತ್ತು ಮಂದಿಯನ್ನು ಬೈದು ಮುಗಿಸುವುದು ಸುಲಭ. ನಾನು ಅವರ ಪರ ಒಂದು ಮಾತು ಹೇಳುತ್ತೇನೆ. ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿರಿ ಎಂದು ಯೇಸುವೇ ಅವರನ್ನು ಕಳುಹಿಸಿದ್ದ. ಯಾಜಕಕಾಂಡದ ನಿಯಮದಂತೆ, ವಾಸಿಯಾದವನು ಯಾಜಕನಿಂದ ಶುದ್ಧನೆಂದು ಹೇಳಿಸಿಕೊಳ್ಳದೆ ಊರೊಳಗೆ ಬರುವಂತಿಲ್ಲ. ಅವರು ಹೇಳಿದಂತೆ ನಡೆದವರು. ಸರತಿಯಲ್ಲಿ ಬೇಬಾಕಿ ಪತ್ರಕ್ಕೆ ನಿಂತಿದ್ದರು ಎನ್ನಬಹುದು. ಅವರ ಸುಖವೂ ಸುಳ್ಳಲ್ಲ. ಮನೆಗೆ ಹೋದರು, ಮಕ್ಕಳನ್ನು ಎತ್ತಿಕೊಂಡರು. ಆದರೆ ಒಬ್ಬನಿಗೆ ಪತ್ರಕ್ಕಿಂತ ಮೊದಲು ಮುಖ ಬೇಕಾಯಿತು. ಅವನು ಸಮಾರ್ಯದವನು, ಹೊರಗಿನವನು. ಒಂಬತ್ತು ಮಂದಿಗೆ ಚರ್ಮ ಸಿಕ್ಕಿತು. ಹತ್ತನೆಯವನಿಗೆ ಚರ್ಮವೂ ಸಿಕ್ಕಿತು, ಕೊಟ್ಟವನೂ ಸಿಕ್ಕಿದ. ಕ್ರೈಸ್ತನ ಸಂತೋಷ ಇಲ್ಲಿಂದ ಆರಂಭವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಮಳೆ ಬಂದರೆ, ಜ್ವರ ಬಿಟ್ಟರೆ ಎಲ್ಲರಿಗೂ ಸಂತೋಷವೇ. ನಮಗೆ ಹೆಚ್ಚಿಗೆ ಸಿಕ್ಕಿರುವುದು ಹೋಗಿ ಹೇಳಬಹುದಾದ ಒಂದು ಮನೆ. ಅಜ್ಜಿ ಹುಡುಕುತ್ತಿದ್ದದ್ದು ಅದನ್ನೇ.

ಇನ್ನು ಮನ್ನದ ಮಾತು.

ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ, ಐಗುಪ್ತದಿಂದ ಅಂದರೆ ಈಜಿಪ್ಟಿನಿಂದ ಬಿಡಿಸಿಕೊಂಡು ಬಂದ ಮರಳುಗಾಡಿನ ಜನ ಬೆಳಿಗ್ಗೆ ಎದ್ದು ನೋಡುತ್ತಾರೆ: ಇಬ್ಬನಿ ಆರಿದ ನೆಲದ ಮೇಲೆ ಬೆಳ್ಳಗೆ ಏನೋ ಬಿದ್ದಿದೆ, ಕೊತ್ತಂಬರಿ ಬೀಜದಂತೆ. ರುಚಿ ಜೇನು ಬೆರೆಸಿ ಹುಯ್ದ ತೆಳು ದೋಸೆಯಂತೆ. ‘ಇದೇನು?’ ಎಂದು ಒಬ್ಬರನ್ನೊಬ್ಬರು ಕೇಳಿದರು, ಆ ಪ್ರಶ್ನೆಯೇ ಅದರ ಹೆಸರಾಯಿತು. ಆ ದಿನಕ್ಕೆ ಬೇಕಾದಷ್ಟು ಮಾತ್ರ ಕೂಡಿಸಿಕೊಳ್ಳಬೇಕು. ನಾಳೆಗೆಂದು ಇಟ್ಟವರ ಪಾತ್ರೆಯಲ್ಲಿ ಹುಳ ಬಿತ್ತು, ನಾರಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು. ಇದು 40 ವರ್ಷ ನಡೆಯಿತು. ಗೋದಾಮು ಕಟ್ಟಿಸಿ ವರ್ಷಕ್ಕೊಮ್ಮೆ ತುಂಬಿಸಿಕೊಡುವುದು ದೇವರಿಗೆ ಕಷ್ಟವಾಗಿರಲಿಲ್ಲ. ದಿನಾ ಬೆಳಿಗ್ಗೆ ಬಗ್ಗಿ ಆರಿಸುವ ಅಭ್ಯಾಸವನ್ನು ಆ ಜನಕ್ಕೆ ಕೊಡಬೇಕಾಗಿತ್ತು.

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ಭದ್ರಾ ನಾಲೆಯ ನೀರು ಬರುವ ಕಡೆ ಹೋದರೆ ಭತ್ತದ ಗದ್ದೆ. ನೀರು ಬಿಡುವ ದಿನ ಪತ್ರಿಕೆಯಲ್ಲಿ ಬರುತ್ತದೆ, ರೈತ ಪತ್ರಿಕೆ ನೋಡುತ್ತಾನೆ. ಜಗಳೂರಿನ ಕಡೆ ಬಂದರೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಅಲ್ಲಿಯ ರೈತ ಆಕಾಶ ನೋಡುತ್ತಾನೆ. ನಾಲೆಯ ಕಡೆಯವರೇ ದೇವರ ಆಶೀರ್ವಾದ ಪಡೆದವರು ಎಂದು ನಾನು ಬಹುಕಾಲ ತಿಳಿದಿದ್ದೆ. ಒಂದು ದಿನ ಧರ್ಮೋಪದೇಶಕಾಂಡದ 11ನೆಯ ಅಧ್ಯಾಯ ಓದುತ್ತಿದ್ದೆ. ನೀವು ಬಿಟ್ಟುಬಂದ ಐಗುಪ್ತ ಕಾಯಿಪಲ್ಯದ ತೋಟದಂತೆ ಕಾಲಿನಿಂದ ನೀರು ಹಾಯಿಸುವ ದೇಶ, ಈಗ ಹೋಗುತ್ತಿರುವುದು ಆಕಾಶದ ಮಳೆಯನ್ನು ಕುಡಿಯುವ ಬೆಟ್ಟಗುಡ್ಡಗಳ ದೇಶ ಎಂದು ಮೋಶೆ ಜನರಿಗೆ ಹೇಳುತ್ತಾನೆ. ವಾಗ್ದಾನದ ದೇಶ ಖುಷ್ಕಿ ಜಮೀನು! ನೈಲ್ ನದಿಯ ನೀರಾವರಿಯಿಂದ ಬಿಡಿಸಿ ದೇವರು ತನ್ನ ಜನರನ್ನು ಕರೆದುಕೊಂಡು ಹೋದದ್ದು ಮುಂಗಾರು ಹಿಂಗಾರು ನೋಡಿ ಬಿತ್ತುವ ಕಡೆಗೆ. ಆ ದೇಶದ ಮೇಲೆ ವರ್ಷದ ಆರಂಭದಿಂದ ಕೊನೆಯವರೆಗೆ ತನ್ನ ದೃಷ್ಟಿ ಇರುತ್ತದೆಂದೂ ಹೇಳಿದ. ನೀರಾವರಿ ಬೇಡವೆಂದು ನಾನು ಹೇಳುತ್ತಿಲ್ಲ. ಜಗಳೂರಿಗೆ ನೀರು ಬರಬೇಕು, ಅದಕ್ಕಾಗಿ ಹೋರಾಡಿದವರ ಜೊತೆ ನಾನೂ ನಿಂತಿದ್ದೇನೆ. ಆದರೆ ತಲೆಯೆತ್ತಿ ನೋಡುವ ಅಭ್ಯಾಸವೂ ಒಂದು ಆಸ್ತಿ ಎಂದು ಆ ದಿನ ತಿಳಿಯಿತು.

ನನ್ನ ಹೆಂಡತಿ ಹಿರಿಯೂರು ಕಡೆಯವಳು. ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ತಿಯಾದ ಅಣೆಕಟ್ಟು. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಅವಳ ಅಜ್ಜಿ ಹುಡುಗಿಯಾಗಿದ್ದಾಗ ಎತ್ತಿನ ಗಾಡಿಯಲ್ಲಿ ಹೋಗಿ ಅದನ್ನು ನೋಡಿದ್ದರಂತೆ. ಸಾಯುವವರೆಗೆ ಅದನ್ನೇ ಹೇಳುತ್ತಿದ್ದರಂತೆ. ನನ್ನ ಹೆಂಡತಿಗೂ ಒಮ್ಮೆ ಕೋಡಿ ನೋಡಬೇಕೆಂಬ ಆಸೆ. ಒಳ್ಳೆಯ ಮಳೆಯಾದ ವರ್ಷವೆಲ್ಲ, ಈ ಸಾರಿ ಬೀಳಬಹುದೇ ಎನ್ನುತ್ತಿದ್ದಳು. 23ನೆಯ ಕೀರ್ತನೆಯ ‘ನನ್ನ ಪಾತ್ರೆಯು ತುಂಬಿ ಹೊರಸೂಸುತ್ತದೆ’ ಎಂಬ ಮಾತು ಬಂದಾಗ ನನ್ನ ಕಡೆ ತಿರುಗಿ ‘ಕೋಡಿ’ ಎಂದು ಪಿಸುಗುಡುತ್ತಿದ್ದಳು.

ನಾವು ಬಹಳ ಮಂದಿ ಸಂತೋಷವನ್ನು ಕೋಡಿ ಎಂದುಕೊಂಡಿದ್ದೇವೆ. ಮಗನಿಗೆ ಕೆಲಸ ಸಿಗಲಿ, ಮಗಳ ಮದುವೆಯಾಗಲಿ, ಮನೆಯ ಸಾಲ ತೀರಲಿ, ಆಮೇಲೆ ಸ್ತೋತ್ರ. ಎಷ್ಟೋ ವರ್ಷಕ್ಕೊಮ್ಮೆ ಬೀಳುವ ಕೋಡಿಗೆ ಕಾದು ಕುಳಿತವನಿಗೆ ಮನೆಯ ಕೊಡದ ನೀರು ಕಾಣುವುದಿಲ್ಲ. ಕರ್ತನ ಪ್ರಾರ್ಥನೆಯಲ್ಲಿ ಕೋಡಿ ಇಲ್ಲ, ಅನುದಿನದ ಆಹಾರ ಇದೆ.

ನಮ್ಮ ತಂದೆ ಈ ಊರಿನ ಹತ್ತಿ ಗಿರಣಿಯಲ್ಲಿ ದುಡಿದವರು. ಗಿರಣಿ ನಡೆಯುತ್ತಿದ್ದಾಗ ಊಟಕ್ಕೆ ಮುಂಚೆ ಮಾಡುತ್ತಿದ್ದ ಪ್ರಾರ್ಥನೆಯನ್ನು ಗಿರಣಿ ನಿಂತುಹೋದ ಮೇಲೆಯೂ ಮಾಡಿದರು, ಒಂದು ಪದವನ್ನೂ ಬದಲಿಸದೆ. ತಟ್ಟೆಯಲ್ಲಿ ರೊಟ್ಟಿಯ ಜೊತೆ ಪಲ್ಯ ಇದ್ದ ದಿನವೂ ಅದೇ, ಬರೀ ಶೇಂಗಾ ಚಟ್ನಿಪುಡಿ ಇದ್ದ ದಿನವೂ ಅದೇ. ಹುಡುಗನಾಗಿದ್ದ ನನಗೆ ಅದು ಬಾಯಿಪಾಠವೆಂದು ಬೇಸರ. ಈಗ ಅನ್ನಿಸುತ್ತದೆ, ಮಾತು ಬದಲಾಗದಿದ್ದದ್ದೇ ನಮ್ಮನ್ನು ಹಿಡಿದು ನಿಲ್ಲಿಸಿತು. ಮನೆಯಲ್ಲಿ ಎಲ್ಲವೂ ಅಲ್ಲಾಡುತ್ತಿದ್ದಾಗ ಅಲ್ಲಾಡದ ನಾಲ್ಕು ಸಾಲುಗಳಿದ್ದವು.

ನಾನು ಕಂಡುಕೊಂಡ ದಾರಿಯನ್ನು ಹೇಳುತ್ತೇನೆ. ಸೊಸೈಟಿಯಲ್ಲಿ ಪ್ರತಿ ಸಂಜೆ ಕಿರ್ದಿ, ಅಂದರೆ ಆ ದಿನದ ಲೆಕ್ಕದ ಪುಸ್ತಕ, ಮುಗಿಸದೆ ಬಾಗಿಲು ಹಾಕುವಂತಿಲ್ಲ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು, ಉಳಿದ ಮೊತ್ತ. ನಿವೃತ್ತಿಯಾದ ಮೇಲೆ ಸಂಜೆ ಆರು ಗಂಟೆಗೆ ಕೈ ತಡಕಾಡಲು ಶುರುವಾಯಿತು. ಒಂದು ಉದ್ದನೆಯ ಪುಸ್ತಕ ತಂದು, ಎಡಗಡೆ ಮಾತ್ರ ಬರೆಯತೊಡಗಿದೆ. ಖರ್ಚನ್ನು ಬರೆಯುವ ಅಗತ್ಯವಿಲ್ಲ, ಅದನ್ನು ನಮ್ಮ ಮನಸ್ಸು ಯಾರೂ ಹೇಳದೆಯೇ ಬರೆದುಕೊಳ್ಳುತ್ತದೆ, ಬಡ್ಡಿ ಸಮೇತ. ಜಮಾ ಕಡೆ ಏನು ಬರೆದೆ? ನಲ್ಲಿಯಲ್ಲಿ ನೀರು ಬಂತು. ಮಂಡಕ್ಕಿ ಭಟ್ಟಿಯ ಮುಂದೆ ಹಾದುಹೋಗುವಾಗ ಹುರಿದ ಬಿಸಿ ವಾಸನೆ. ಬಸ್ಸಿನ ಕಂಡಕ್ಟರ್ ಇಳಿಯುವಾಗ ಕರೆದು ಚಿಲ್ಲರೆ ಕೊಟ್ಟ. ಹೆಂಡತಿ ಹಾಡಿದ ಗೀತೆಯ ಎರಡನೆಯ ಚರಣ ನನಗೆ ಮರೆತಿತ್ತು, ಅವಳಿಗೆ ನೆನಪಿತ್ತು. ದಿನಕ್ಕೆ ಮೂರು ನಾಲ್ಕು ಸಾಲು. ಹೆಚ್ಚು ಬರೆಯಲು ಹೋದರೆ ಹುಳ ಬೀಳುತ್ತದೆ. ಅಲಂಕಾರ ಸೇರುತ್ತದೆ, ಸುಳ್ಳು ಸೇರುತ್ತದೆ.

ಪೌಲನೂ ಇಂಥದ್ದೇ ಬರೆದ. ಫಿಲಿಪ್ಪಿಯವರಿಗೆ ಬರೆದದ್ದನ್ನು ಸಂತೋಷದ ಪತ್ರ ಎನ್ನುತ್ತೇವೆ. ಅದನ್ನು ಬರೆದಾಗ ಅವನು ಬೇಡಿಯಲ್ಲಿದ್ದ. ಆ ಊರಿನವರು ಎಪಫ್ರೊದೀತನ ಕೈಯಲ್ಲಿ ಅವನಿಗೆ ನೆರವು ಕಳುಹಿಸಿದ್ದರು. ಕೊನೆಯ ಅಧ್ಯಾಯದಲ್ಲಿ ಅದಕ್ಕೆ ಉತ್ತರ ಬರೆಯುವಾಗ ಪೌಲ ಬಳಸಿರುವುದು ವ್ಯಾಪಾರದ ಪದಗಳನ್ನು: ಕೊಡುವ ಕೊಳ್ಳುವ ಲೆಕ್ಕ ಎಂದ, ಆಮೇಲೆ ‘ಎಲ್ಲವೂ ನನಗೆ ಸಂದಿದೆ’ ಎಂದ. ಆ ಕೊನೆಯ ಕ್ರಿಯಾಪದವನ್ನು ಆ ಕಾಲದವರು ರಸೀದಿಗಳಲ್ಲಿ ಬರೆಯುತ್ತಿದ್ದರು. ‘ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ’ ಎಂಬ ಮಾತು ಬಂದಿರುವುದು ಅದೇ ಅಧ್ಯಾಯದಲ್ಲಿ. ಅದನ್ನು ಬರೆದ ಕೈ ಸಿಕ್ಕಿದ್ದನ್ನು ಸಿಕ್ಕಿತು ಎಂದು ಬರೆದು ಸಹಿ ಹಾಕುವ ಕೈಯೂ ಆಗಿತ್ತು. ಇನ್ನೊಂದನ್ನೂ ನೆನೆಯಿರಿ. ಫಿಲಿಪ್ಪಿಯಲ್ಲಿಯೇ ಪೌಲನೂ ಸೀಲನೂ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು, ಮಧ್ಯರಾತ್ರಿಯಲ್ಲಿ ಹಾಡಿದ್ದರು. ಆ ಸೆರೆಮನೆಯ ಯಜಮಾನ ಆ ರಾತ್ರಿಯೇ ಮನೆಯವರ ಸಮೇತ ದೀಕ್ಷಾಸ್ನಾನ ಮಾಡಿಸಿಕೊಂಡ. ಈ ಪತ್ರವನ್ನು ಸಭೆಯಲ್ಲಿ ಓದಿದಾಗ ಅವನು ಅಲ್ಲಿ ಕೂತಿದ್ದರೆ, ಸಂತೋಷಿಸಿರಿ ಎಂಬ ಮಾತು ಅವನಿಗೆ ಬರಿಯ ಉಪದೇಶವಾಗಿ ಕೇಳಿಸಿರಲಾರದು. ಅವನು ಆ ಬೆನ್ನಿನ ಗಾಯಗಳನ್ನು ತೊಳೆದವನು.

2022ರ ಜುಲೈ ಕೊನೆಯಲ್ಲಿ ನನ್ನ ಹೆಂಡತಿ ತೀರಿಕೊಂಡಳು. ನಾಲ್ಕು ದಿನದ ಜ್ವರ, ಐದನೆಯ ದಿನ ಇಲ್ಲ.

ಮಣ್ಣು ಮಾಡಿ ಬಂದ ಸಂಜೆ ಒಬ್ಬರು ನನ್ನ ಕೈ ಹಿಡಿದು, ‘ಎಲ್ಲಾದಕ್ಕೂ ಸ್ತೋತ್ರ ಹೇಳಬೇಕು’ ಎಂದರು. ಅವರದು ಒಳ್ಳೆಯ ಮನಸ್ಸು. ಆದರೆ ನನಗೆ ಆ ಮಾತು ಏಟಿನಂತೆ ತಾಗಿತು. ಆ ದಿನಗಳಲ್ಲಿ ನಾನು ಓದಲಾದದ್ದು 88ನೆಯ ಕೀರ್ತನೆ ಒಂದೇ. ಬೇರೆ ದುಃಖದ ಕೀರ್ತನೆಗಳು ಕೊನೆಗೆ ಎಲ್ಲೋ ಒಂದು ಕಡೆ ಬೆಳಕಿಗೆ ತಿರುಗುತ್ತವೆ. ಅದು ತಿರುಗುವುದಿಲ್ಲ, ಕತ್ತಲೆ ಎಂಬಲ್ಲಿಗೆ ಮುಗಿಯುತ್ತದೆ. ಅಂಥದ್ದೊಂದನ್ನು ಸತ್ಯವೇದದೊಳಗೆ ಇರಗೊಟ್ಟಿದ್ದಾರಲ್ಲ ಎಂಬುದೇ ನನಗೆ ಆಗ ಸಿಕ್ಕ ಸಮಾಧಾನ. ಕಿರ್ದಿಯಲ್ಲಿ ದಿನಾ ಸಂಜೆ ತಾರೀಕು ಬರೆಯುತ್ತಿದ್ದೆ. ಕೆಳಗೆ ಏನೂ ಬರೆಯಲಿಲ್ಲ. ಐದು ವಾರಗಳ ಪುಟಗಳು ಹಾಗೆಯೇ ಖಾಲಿ ಇವೆ. ಆ ದಿನಗಳಲ್ಲಿ ಜಮಾ ಏನೂ ಇರಲಿಲ್ಲವೆಂದಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಪಕ್ಕದ ಮನೆಯ ಲಿಂಗಾಯತ ತಾಯಿ ರೊಟ್ಟಿ ತಂದರು, ಎದುರು ಮನೆಯ ಮುಸ್ಲಿಮ್ ತಮ್ಮ ಬೆಳಿಗ್ಗೆ ಹಾಲು ತಂದಿಟ್ಟು ಬಾಗಿಲು ಬಡಿಯದೆ ಹೋಗುತ್ತಿದ್ದ. ನಾನು ಉಣ್ಣುತ್ತಿದ್ದೆ, ಕುಡಿಯುತ್ತಿದ್ದೆ. ಬರೆಯಲು ಕೈ ಏಳಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಪತ್ರಿಕೆಯಲ್ಲಿ ಬಂತು: 89 ವರ್ಷಗಳ ನಂತರ ವಾಣಿವಿಲಾಸ ಸಾಗರ ಕೋಡಿ ಬಿದ್ದಿದೆ.

ಎದುರು ಮನೆಯ ಆ ತಮ್ಮನೇ ಬೈಕಿನಲ್ಲಿ ಕೂರಿಸಿಕೊಂಡು ಕರೆದುಕೊಂಡು ಹೋದ. ಜಾತ್ರೆಯಷ್ಟು ಜನ. ಮುದುಕರನ್ನು ಹೆಗಲ ಮೇಲೆ ಕೈ ಹಾಕಿಸಿಕೊಂಡು ತಂದಿದ್ದರು. ಯಾರೂ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ನೀರು ನೋಡುತ್ತಿದ್ದರು. ನಾನೂ ನಿಂತೆ. ಅವಳು ಐದು ವಾರ ಉಳಿದಿದ್ದರೆ ನೋಡುತ್ತಿದ್ದಳು ಎಂಬ ಸಿಟ್ಟು ಎದೆಯಲ್ಲಿ ಇತ್ತು. ಅದನ್ನು ದೇವರಿಗೆ ಹೇಳಿದೆ, ಮರೆಮಾಚಲಿಲ್ಲ. ಹೇಳುತ್ತ ಹೇಳುತ್ತ, ಇದನ್ನು ಹೇಳಿಕೊಳ್ಳಲು ನನಗೆ ಒಂದು ಮನೆ ಇದೆಯಲ್ಲ ಎಂದು ಹೊಳೆಯಿತು. ಶೇಂಗಾ ತಂದ ಅಜ್ಜಿ ನೆನಪಾದರು. ಆ ರಾತ್ರಿ ಕಿರ್ದಿಯಲ್ಲಿ ಬರೆದೆ: ‘ಕೋಡಿ ನೋಡಿದೆ. ಅವಳ ಪರವಾಗಿ.’ ಕೆಳಗೆ ಇನ್ನೊಂದು ಸಾಲು: ‘ಹಾಲು, 35 ದಿನದ್ದು.’

ಥೆಸಲೊನೀಕದವರಿಗೆ ಪೌಲ ಬರೆದ ಮಾತು ನಮ್ಮ ಕನ್ನಡದಲ್ಲಿ ಹೀಗಿದೆ: ‘ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ.’ ಎಲ್ಲಾದರಲ್ಲಿಯೂ. ಒಂದು ವಿಭಕ್ತಿ ಬದಲಾದರೆ ಮನುಷ್ಯನ ಬೆನ್ನು ಮುರಿಯುತ್ತದೆ. ಕತ್ತಲೆಗಾಗಿ ವಂದಿಸು ಎಂದು ಅವನು ಹೇಳಲಿಲ್ಲ. ಕತ್ತಲೆಯಲ್ಲಿ ನಿಂತೂ ವಂದಿಸಬಹುದಾದದ್ದು ಇದೆ ಎಂದ. ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದನು. ಹಿಡಿದುಕೊಟ್ಟ ಯೂದನಿಗಾಗಿ ಅಲ್ಲ, ರೊಟ್ಟಿಗಾಗಿ. ಆ ರಾತ್ರಿಯಲ್ಲಿಯೂ ಮೇಜಿನ ಮೇಲೆ ರೊಟ್ಟಿ ಇತ್ತು.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಸಭಾಪಾಲಕರು ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಕಾಲೇಜು ಓದುವ ಹುಡುಗಿಯೊಬ್ಬಳು ಎದ್ದಳು. ‘ಅಂಕಲ್, ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರ ಸ್ತೋತ್ರ ಮಾಡಿರಿ ಎಂದೇ ಇದೆಯಲ್ಲ?’ ಎಂದಳು. ಇದೆ. ಅವಳು ಓದಿಕೊಂಡೇ ಬಂದಿದ್ದಳು. ನಾನು ಅದನ್ನು ಮರೆಮಾಚುವಂತಿರಲಿಲ್ಲ.

ನನಗೆ ತಿಳಿದಷ್ಟು ಹೇಳಿದೆ. ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ ಮರಣವನ್ನು ಕಡೆಯ ಶತ್ರು ಎಂದು ಕರೆದಿದ್ದಾನೆ. ಶತ್ರುವಿಗಾಗಿ ವಂದನೆ ಹೇಳು ಎಂದು ಅವನು ನನ್ನನ್ನು ಕೇಳುತ್ತಿದ್ದಾನೆಂದು ನಾನು ನಂಬುವುದಿಲ್ಲ. ಕೊಟ್ಟ ಎಲ್ಲದಕ್ಕಾಗಿಯೂ ಎಂದು ಆ ಮಾತನ್ನು ಓದಿಕೊಳ್ಳುತ್ತೇನೆ. ನನ್ನ ಹೆಂಡತಿಯ ಸಾವಿಗಾಗಿ ನಾನು ಇಂದಿಗೂ ಸ್ತೋತ್ರ ಹೇಳಿಲ್ಲ. ಅವಳ ಜೊತೆ ಕಳೆದ ವರ್ಷಗಳಿಗಾಗಿ ದಿನಾ ಹೇಳುತ್ತೇನೆ. ಮುಂದೊಂದು ದಿನ ಇದಕ್ಕಿಂತ ಹೆಚ್ಚು ಅರ್ಥವಾದರೆ ಹೇಳುತ್ತೇನಮ್ಮ ಎಂದೆ.

ಕಾರ್ಯಕ್ರಮ ಮುಗಿದ ಮೇಲೆ ಅವಳು ಹತ್ತಿರ ಬಂದು ಕಿರ್ದಿಯನ್ನು ತಂದಿದ್ದೀರಾ ಎಂದು ಕೇಳಿದಳು. ಚೀಲದಲ್ಲಿತ್ತು, ಕೊಟ್ಟೆ. ನಿಂತಲ್ಲೇ ಪುಟ ತಿರುವಿದಳು. ಬರೆದ ಪುಟಗಳನ್ನು ಬೇಗ ಬೇಗ ಓದಿ ದಾಟಿದಳು. 2022ರ ಆಗಸ್ಟ್ ಬಂದಾಗ ಅವಳ ಕೈ ನಿಧಾನವಾಯಿತು. ತಾರೀಕು ಮಾತ್ರ ಇರುವ ಆ ಖಾಲಿ ಪುಟಗಳನ್ನು ಒಂದೊಂದಾಗಿ, ಯಾವುದನ್ನೂ ಬಿಡದೆ ತಿರುವಿದಳು. ಆಮೇಲೆ ಅವಳ ತಾಯಿ ಹೊರಗಿನಿಂದ ಕರೆದರು. ಹರಾಜಿನ ಮೇಜಿನಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಮಕ್ಕಳಿಗೆ ಹಂಚುತ್ತಿದ್ದರು.